ಪದಚರ್ಚೆ: ‘ತಂತ್ರಜ್ಞಾನಕ್ಕೆ ಸಮಾನ ಪ್ರವೇಶ’ ಎಂಬುದನ್ನು ಊರಿನವರಿಗೆ ತಿಳಿಯುವ ಹಾಗೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಆಕ್ಸೆಸ್’ ಎಂಬುದಕ್ಕೆ ಒಂದು ಕನ್ನಡ ಪದ ಬೇಕಿತ್ತು. ಅದೂ ಶಾಲೆ ಮಕ್ಕಳು ಮತ್ತು ಕಂಪ್ಯೂಟರಿನ ವಿಷಯದಲ್ಲಿ ಬಳಸುವಾಗ. ನಿಘಂಟು ನೋಡಿ ಅಂತ ಹೇಳಬೇಡಿ, ನೋಡಿ ಆಗಿದೆ. ನಿಘಂಟಿನ ಪದ ಜನರ ಕಿವಿಗೆ ಬೇರೆಯೇ ಅರ್ಥ ಕೊಡುತ್ತಿದೆ, ತೊಂದರೆ ಇರುವುದು ಅಲ್ಲಿ.

ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ನಮ್ಮ ಊರಿನಲ್ಲಿ ಪಂಚಾಯತಿನ ಗ್ರಂಥಾಲಯ ಉಂಟು. ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಅಂತ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ಐದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಅಲ್ಲಿ ಕಂಪ್ಯೂಟರ್ ಕಲಿಸಬೇಕು ಅಂತ ನಾವು ನಾಲ್ಕೈದು ಮಂದಿ ಹೊರಟಿದ್ದೇವೆ. ಸಹಾಯ ಕೊಡುವವರು ಇಂಗ್ಲಿಷಿನಲ್ಲಿ ಒಂದು ಕಾಗದ ಕಳಿಸಿದ್ದಾರೆ. ಅದನ್ನು ಕನ್ನಡ ಮಾಡಿ ಹೆತ್ತವರ ಸಭೆಯಲ್ಲಿ ಓದಬೇಕು. ಮನೆಮನೆಗೆ ಒಂದು ಸಣ್ಣ ಫಾರಂ ಬೇರೆ ಹಂಚಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರೋ ಮಾಡಿಕೊಟ್ಟ ಕರಡಿನ ಮೊದಲ ಸಾಲು ಹೀಗಿದೆ: ‘ಶಾಲಾ ಮಕ್ಕಳಲ್ಲಿ ಅಂಕೀಯ ಕೌಶಲ್ಯಗಳ ಅಭಿವೃದ್ಧಿ ಹಾಗೂ ತಂತ್ರಜ್ಞಾನಕ್ಕೆ ಸಮಾನ ಪ್ರವೇಶ.’

ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಓದಿದರೆ ಯಾರಿಗೂ ಎಂತದ್ದೂ ಗೊತ್ತಾಗುವುದಿಲ್ಲ.

‘ಅಂಕೀಯ’ವನ್ನು ಮೊದಲು ತೆಗೆದೆ. ಶಾಲೆಯಲ್ಲಿ ಅಂಕ ಅಂದರೆ ಮಾರ್ಕು. ಅಂಕೀಯ ಕೌಶಲ ಅಂದರೆ ಮಾರ್ಕು ತೆಗೆಯುವ ಉಪಾಯ ಅಂದುಕೊಂಡು ಹೆತ್ತವರು ಓಡಿ ಬಂದಾರು. ಇನ್ನು ಮಕ್ಕಳ ಅಪ್ಪಂದಿರಿಗೆ ಅಂಕ ಅಂದ ಕೂಡಲೇ ನೆನಪಾಗುವುದು ಕೋಳಿ ಅಂಕ, ಅಂದರೆ ಕೋಳಿ ಕಾಳಗ. ಡಿಜಿಟ್ ಎಂಬುದರ ಮೂಲ ಲ್ಯಾಟಿನ್ನಿನ ಬೆರಳು. ಬೆರಳಿನಲ್ಲಿ ಎಣಿಸುತ್ತಿದ್ದರಿಂದ ಅಂಕೆಗೆ ಆ ಹೆಸರು ಬಂತು. ಹಾಗೆ ನೋಡಿದರೆ ನಮ್ಮ ‘ಬೆರಳೆಣಿಕೆ’ ಹತ್ತಿರದ ನಂಟನೇ. ಏನು ಮಾಡುವುದು, ‘ಕೆಲವೇ ಕೆಲವು’ ಎಂಬ ಅರ್ಥ ಅದರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಹಾಗಾಗಿ ಡಿಜಿಟಲ್ ಎಂದೇ ಇಟ್ಟಿದ್ದೇನೆ. ಕೌಶಲವೋ ಕೌಶಲ್ಯವೋ ಎಂಬ ಜಗಳ ಮಾತ್ರ ದಯವಿಟ್ಟು ಇಲ್ಲಿ ಬೇಡ. ಸಂಸ್ಕೃತದಲ್ಲಿ ಎರಡೂ ಉಂಟು, ಚಿಕ್ಕದು ಸಾಕು. ತಂತ್ರಜ್ಞಾನವೂ ಇರಲಿ, ಪೇಪರು ಓದುವವರಿಗೆಲ್ಲ ಅದು ಗೊತ್ತು. ದೇವಸ್ಥಾನಕ್ಕೆ ತಂತ್ರಿಗಳು ಬರುವ ಊರಿನಲ್ಲಿ ‘ತಂತ್ರ’ಕ್ಕೆ ಪೂಜಾವಿಧಿ ಎಂಬ ಇನ್ನೊಂದು ಅರ್ಥ ಇದ್ದೇ ಇದೆ, ಆದರೂ ಅಷ್ಟು ಗೊಂದಲ ಆಗಲಿಕ್ಕಿಲ್ಲ.

‘ಡಿಜಿಟಲ್ ಸಾಕ್ಷರತೆ’ ಬಗ್ಗೆ ನನಗೆ ಸ್ವಲ್ಪ ತಕರಾರು ಉಂಟು. ಸಾಕ್ಷರತೆಗೆ ಜನಗಣತಿಯಲ್ಲಿ ಒಂದು ಅಳತೆ ಇದೆ: 7 ವರ್ಷ ದಾಟಿದವರು, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬೇಕು. ನಮ್ಮಲ್ಲಿ ಓದು ಬಾರದವರನ್ನು ‘ಹೆಬ್ಬೆಟ್ಟು’ ಅನ್ನುತ್ತಿದ್ದರು. ಈಗ ನೋಡಿದರೆ ಫೋನ್ ತೆರೆಯಲಿಕ್ಕೂ ಹೆಬ್ಬೆಟ್ಟು, ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು! ಹಾಗಾದರೆ ಡಿಜಿಟಲ್ ಸಾಕ್ಷರರು ಯಾರು? 2017ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಶುರು ಮಾಡಿದಾಗ ಒಂದು ವಿವರಣೆ ಕೊಟ್ಟಿತ್ತು. ಕಂಪ್ಯೂಟರ್ ಅಥವಾ ಮೊಬೈಲ್ ನಡೆಸಬೇಕು, ಇಮೇಲ್ ಕಳಿಸಬೇಕು, ಇಂಟರ್ನೆಟ್ಟಿನಲ್ಲಿ ಹುಡುಕಬೇಕು, ಸರಕಾರಿ ಸೇವೆ ಪಡೆಯಬೇಕು, ಹೀಗೆ. ಆದರೆ ಅದು ಇದ್ದದ್ದು 14ರಿಂದ 60 ವರ್ಷದವರಿಗೆ, ಅದೂ ಮನೆಗೊಬ್ಬರಿಗೆ. ಐದನೇ ಕ್ಲಾಸಿನ ಮಗುವಿಗೆ ಅದರಲ್ಲಿ ಜಾಗ ಇರಲಿಲ್ಲ.

ಇನ್ನು ‘ಪ್ರವೇಶ’. ಕೇಳಬೇಕಾಗಿದ್ದು ಇದನ್ನೇ.

ಕರಡನ್ನು ಒಬ್ಬರು ತಾಯಿಗೆ ಓದಿ ಹೇಳಿದೆ. ಬೀಡಿ ಕಟ್ಟುವವರು, ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಕೈಯಲ್ಲಿದ್ದ ಎಲೆ ಸುತ್ತುತ್ತಲೇ ಪೂರ್ತಿ ಕೇಳಿದರು. ಆಮೇಲೆ, “ಅಣ್ಣ, ಪ್ರವೇಶಕ್ಕೆ ಫೀಸ್ ಎಷ್ಟು?” ಅಂದರು. ತಪ್ಪು ಅವರದ್ದಲ್ಲ. ಶಾಲೆಯ ವಿಷಯದಲ್ಲಿ ಪ್ರವೇಶ ಅಂದರೆ ಅಡ್ಮಿಷನ್ನೇ. ಪ್ರವೇಶ ಪತ್ರ, ಪ್ರವೇಶ ಶುಲ್ಕ, ಪ್ರವೇಶ ಪರೀಕ್ಷೆ. ಯಕ್ಷಗಾನ ನೋಡುವವರಿಗಾದರೆ ವೇಷ ರಂಗಕ್ಕೆ ಬರುವುದು ಪ್ರವೇಶ. ಎಲ್ಲದರಲ್ಲೂ ಒಂದು ಬಾಗಿಲು ಇರುತ್ತದೆ, ಒಂದು ಸಲ ದಾಟಿ ಒಳಗೆ ಬಂದರೆ ಮುಗಿಯಿತು. ಕಂಪ್ಯೂಟರಿನ ವಿಷಯ ಹಾಗಲ್ಲ. ಇವತ್ತು ಸಿಕ್ಕಿದ್ದು ನಾಳೆ ಸಿಗದೇ ಹೋಗಬಹುದು.

‘ಲಭ್ಯತೆ’ ಹಾಕಿ ನೋಡಿದೆ. ‘ಅಂಗಡಿಯಲ್ಲಿ ಲಭ್ಯ’ ಎಂಬ ಬೋರ್ಡಿನಿಂದ ಆ ಪದ ಎಲ್ಲರಿಗೂ ಗೊತ್ತು. ಆದರೆ ಲಭ್ಯ ಅನ್ನುವುದು ವಸ್ತುವಿನ ಬಗ್ಗೆ ಹೇಳುತ್ತದೆ, ಮಗುವಿನ ಬಗ್ಗೆ ಅಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಲಭ್ಯ ಇದೆ. ಕೋಣೆಗೆ ಬೀಗ ಹಾಕಿದೆ, ಬೀಗದಕೈ ಮೀಟಿಂಗಿಗೆ ಹೋದವರ ಕಿಸೆಯಲ್ಲಿ ಉಂಟು. ಆಗಲೂ ಅದು ‘ಲಭ್ಯ’ವೇ!

ಹಾಗಾದರೆ ಜನ ಎಂತ ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿದೆ. ನಾಮಪದ ಯಾರ ಬಾಯಲ್ಲೂ ಇಲ್ಲ, ಬರೀ ಕ್ರಿಯಾಪದ. ಮನೆಯಲ್ಲಿ ಫೋನ್ ಉಂಟು. ಮಗಳಿಗೆ ಸಿಗುವುದಿಲ್ಲ. ಮಗನಿಗೆ ಚೆನ್ನಾಗಿ ಬರುತ್ತದೆ. ಉಂಟು, ಸಿಗುತ್ತದೆ, ಬರುತ್ತದೆ: ಮೂರೂ ಬೇರೆ ಬೇರೆ ಸಂಗತಿ. ಇಂಗ್ಲಿಷಿನ ಆ ಒಂದು ಪದ ಮೊದಲ ಎರಡನ್ನು ಒಟ್ಟಿಗೆ ಕಟ್ಟಿಹಾಕಿ ಬಿಡುತ್ತದೆ. ಕನ್ನಡದಲ್ಲಿ ‘ಸಿಗುತ್ತದೆ’ ಅಂದ ಕೂಡಲೇ ‘ಯಾರಿಗೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ಬರುತ್ತದೆ’ಯೂ ಹಾಗೇ. ಈಜು ಬರುತ್ತದೆ, ಸೈಕಲ್ ಬರುತ್ತದೆ, ತುಳು ಬರುತ್ತದೆ. ತುಳುವಿನಲ್ಲೂ ‘ಕಂಪ್ಯೂಟರ್ ಬರ್ಪುಂಡಾ?’ ಅಂತಲೇ ಕೇಳುವುದು.

ಇದು ಸುಮ್ನೆ ವ್ಯಾಕರಣದ ಚಪಲ ಅಲ್ಲ. ಹಳ್ಳಿಯ ಮಕ್ಕಳ ಕಲಿಕೆ ಬಗ್ಗೆ ಬರುವ ‘ಅಸರ್’ ಸಮೀಕ್ಷೆ ಹಲವರಿಗೆ ಗೊತ್ತಿರಬಹುದು. 2023ರಲ್ಲಿ ಅವರು 14ರಿಂದ 18 ವರ್ಷದವರನ್ನು ಫೋನ್ ಬಗ್ಗೆ ಕೇಳಿದರು. ಹತ್ತರಲ್ಲಿ ಸುಮಾರು ಒಂಬತ್ತು ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಅದು ‘ಉಂಟು’. ಕನೆಕ್ಷನ್ ಸರಿ ಇರುವ ಒಂದು ಫೋನ್ ಈಗ ತರಲಿಕ್ಕೆ ಆಗುತ್ತದಾ ಅಂದಾಗ ತಂದವರು ಮೂರರಲ್ಲಿ ಎರಡು ಪಾಲಿಗಿಂತ ತುಸು ಜಾಸ್ತಿ, ಅಷ್ಟೇ. ಅದು ‘ಸಿಗುತ್ತದೆ’. ಬಳಸಲು ಬರುವವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ ಶೇ 43.7, ಹುಡುಗಿಯರಲ್ಲಿ ಶೇ 19.8. ಫೋನ್ ತಂದವರಿಗೆ ಕೆಲವು ಕೆಲಸ ಕೊಟ್ಟರು: ಅಲಾರಂ ಇಡುವುದು, ಒಂದು ಮಾಹಿತಿ ಹುಡುಕುವುದು, ಯೂಟ್ಯೂಬ್ ವಿಡಿಯೊ ಹುಡುಕಿ ಕಳಿಸುವುದು, ಮ್ಯಾಪ್ ನೋಡಿ ದಾರಿಗೆ ಎಷ್ಟು ಹೊತ್ತು ಅಂತ ಹೇಳುವುದು. ವಿಡಿಯೊ ಹೆಚ್ಚಿನವರಿಗೆ ಬಂತು. ಮ್ಯಾಪ್ ಬಂದದ್ದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜನಕ್ಕೆ ಮಾತ್ರ. ನೋಡಿ, ಒಂದೇ ‘ಪ್ರವೇಶ’ದಲ್ಲಿ ಇದನ್ನೆಲ್ಲ ಹೇಗೆ ತುಂಬಿಸುವುದು?

‘ಬರುತ್ತದೆ’ಯೊಳಗೂ ಒಂದು ಸಿಕ್ಕು ಇದೆ. ನಮ್ಮ ಕಡೆ ‘ಮೊಬೈಲ್ ಒತ್ತುವುದು’ ಅಂತ ಬೈಗುಳದ ಹಾಗೆ ಹೇಳುತ್ತಾರೆ. ‘ಇಡೀ ದಿನ ಮೊಬೈಲ್ ಒತ್ತಿಕೊಂಡು ಕೂತಿರ್ತಾನೆ.’ ಒತ್ತಲಿಕ್ಕೆ ಬಂದರೆ ಬಂದ ಹಾಗೆಯಾ?

ಮಕ್ಕಳಿಗೆ ಎಷ್ಟು ಬರುತ್ತದೆ ನೋಡೋಣ ಅಂತ ಕೆಲವರನ್ನು ಅರಿವು ಕೇಂದ್ರದಲ್ಲಿ ಕೂರಿಸಿದ್ದೆವು. ಆರನೇ ಕ್ಲಾಸಿನ ಒಬ್ಬಳು ಫೋನಿನಲ್ಲಿ ಗಾಳಿಯ ಹಾಗೆ. ಬೇಕಾದ್ದನ್ನು ಬಾಯಲ್ಲೇ ಹೇಳಿ ಹುಡುಕುತ್ತಾಳೆ, ಟೈಪ್ ಮಾಡುವ ಪ್ರಶ್ನೆಯೇ ಇಲ್ಲ. ಕಂಪ್ಯೂಟರಿನಲ್ಲಿ ‘ಅಬ್ಬಕ್ಕ’ ಅಂತ ಬರೆ ಅಂದೆ. ಉಳ್ಳಾಲದ ರಾಣಿ ಪಾಠದಿಂದ ಗೊತ್ತಿದ್ದಳು. ಎ ಒತ್ತಿದಳು, ಅ ಬಂತು. ಬಿ ಎರಡು ಸಲ ಒತ್ತಿದಳು. ಪರದೆಯಲ್ಲಿ ‘ಅಬಬ’ ಆಯಿತು. “ಒತ್ತಕ್ಷರ ಎಲ್ಲಿ ಉಂಟು?” ಅಂತ ಕೀಲಿಮಣೆ ಪೂರಾ ಹುಡುಕಿದಳು. ಎರಡು ಬಿ ನಡುವೆ ಎಫ್ ಒತ್ತಬೇಕು ಅಂತ ತೋರಿಸಿದೆ. ಎ, ಬಿ, ಎಫ್, ಬಿ, ಕೆ, ಎಫ್, ಕೆ. ಅಬ್ಬಕ್ಕ ಬಂದಳು! ಆಮೇಲೆ ಯಾರ ಸಹಾಯವೂ ಇಲ್ಲದೆ ‘ಅಜ್ಜಿ’, ‘ಬೆಕ್ಕು’, ‘ಅಪ್ಪ’ ಎಲ್ಲ ಹೊಡೆದಳು. ಎಫ್ ಒತ್ತಿದರೆ ಅಕ್ಷರದ ಸ್ವರ ಹೋಗುತ್ತದೆ ಎಂಬುದು ಅವಳಿಗೆ ಹೊಳೆದಿತ್ತು. ಕನ್ನಡ ಒತ್ತಕ್ಷರ ಹೇಗೆ ಹುಟ್ಟುತ್ತದೆ ಎಂಬ ಪಾಠವೂ ಅದೇ. ಈ ಕೀಲಿಮಣೆ ವಿನ್ಯಾಸ ಕೆ.ಪಿ. ರಾಯರದ್ದು, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ನಮ್ಮವರು ಮಾಡಿದ್ದು ಅಂತ ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಆ ದಿನ ಇನ್ನೊಂದು ಕಂಡೆ. ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳು ಕೂತರೆ ಮೌಸ್ ಯಾವಾಗಲೂ ಒಬ್ಬ ಹುಡುಗನ ಕೈಯಲ್ಲೇ. ಹುಡುಗಿಯರು ಹಿಂದೆ ನಿಂತು ‘ಅಲ್ಲಿ ಒತ್ತು, ಇಲ್ಲಿ ಒತ್ತು’ ಅನ್ನುತ್ತಾರೆ. ಕಾಗದದ ಪ್ರಕಾರ ನಾಲ್ವರಿಗೂ ‘ಸಮಾನ ಪ್ರವೇಶ’ ಆಗಿದೆ. ಆಗ ನನಗೆ ತೋಚಿದ ಪದ ‘ಸರದಿ’. ಎಲ್ಲರಿಗೂ ಸರದಿ ಬರಬೇಕು ಅಂದರೆ ಎರಡನೇ ಕ್ಲಾಸಿನ ಮಗುವಿಗೂ ಅರ್ಥ ಆಗುತ್ತದೆ. ಆದರೆ ಮನೆಯಲ್ಲಿ ಫೋನೇ ಇಲ್ಲದವರಿಗೆ ಸರದಿ ಎಲ್ಲಿಂದ ಬರಬೇಕು? ಹಾಗಾಗಿ ಅದೂ ಪೂರ್ತಿ ಒದಗುವುದಿಲ್ಲ.

ತಂತ್ರಜ್ಞಾನ ಸಿಗುವವರ ಮತ್ತು ಸಿಗದವರ ನಡುವಿನ ಅಂತರಕ್ಕೆ ‘ಡಿಜಿಟಲ್ ಕಂದಕ’ ಎಂಬುದು ಪೇಪರುಗಳಲ್ಲಿ ಈಗ ಮಾಮೂಲಿ. ನನಗೇನೋ ಇಷ್ಟವೇ. ಕಂದಕ ಅಂದರೆ ಕೋಟೆಯ ಸುತ್ತ ಬೇಕಂತಲೇ ತೋಡಿದ್ದು. ತಾನಾಗಿ ಆದ ಬಿರುಕಲ್ಲ. ಆದರೆ ಮಂಗಳೂರಿನ ಬಂದರಿನಲ್ಲಿ ಕಂದಕ ಎಂಬ ಜಾಗವೇ ಇರುವುದರಿಂದ ಅಲ್ಲಿಯವರು ನಗಬಹುದು! 2021ರ ಜೂನ್‌ನಲ್ಲಿ ಸುಳ್ಯ ಕಡೆಯ ಒಂದು ಫೋಟೊ ಎಲ್ಲ ಕಡೆ ಓಡಾಡಿತ್ತು, ನೆನಪಿದೆಯಾ? ಮಳೆಯಲ್ಲಿ ರಸ್ತೆ ಬದಿ ಮಗಳು ಆನ್‌ಲೈನ್ ಕ್ಲಾಸಿಗೆ ಕೂತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆಗ ಊರೂರಿನಲ್ಲಿ ಕೇಳುತ್ತಿದ್ದ ಮಾತು ‘ಗುಡ್ಡೆ ಹತ್ತಿದರೆ ರೇಂಜ್ ಸಿಗ್ತದೆ’. ಅಲ್ಲೂ ‘ಸಿಗುವುದು’ ತಾನೇ? ಯಾರೂ ‘ಸಂಪರ್ಕ ಲಭ್ಯವಾಗುತ್ತದೆ’ ಅನ್ನಲಿಲ್ಲ.

ಸದ್ಯಕ್ಕೆ ನನ್ನ ಫಾರಂನಲ್ಲಿ ತಲೆಬರಹ ಎಲ್ಲ ತೆಗೆದು ನೇರ ಪ್ರಶ್ನೆ ಹಾಕಿದ್ದೇನೆ. ಮನೆಯಲ್ಲಿ ಉಂಟಾ? ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಅಕ್ಕ, ತಮ್ಮ ಇದ್ದರೆ ಅವರಿಗೆ? ಅದರಲ್ಲಿ ಎಂತ ಮಾಡಲಿಕ್ಕೆ ಬರುತ್ತದೆ? ಇಷ್ಟು ಚೆನ್ನಾಗಿ ಕೂತಿದೆ. ತೊಂದರೆ ಬಂದಿರುವುದು ವರದಿಗೆ. ಅಲ್ಲಿ ಕಾಲಂಗೆ ಒಂದು ನಾಮಪದ ಬೇಕೇ ಬೇಕು. ‘ಸಿಗುವಿಕೆ’ ನಾಲಿಗೆಗೆ ತೊಡರುತ್ತದೆ. ‘ದೊರಕುವಿಕೆ’ ಇನ್ನೂ ಭಾರ. ‘ಎಟುಕು’ ಎಂಬುದನ್ನು ನಾಮಪದದ ಹಾಗೆ ಬಳಸಬಹುದಾ? ‘ಮಕ್ಕಳ ಎಟುಕಿನಲ್ಲಿ ಕಂಪ್ಯೂಟರ್’, ‘ಎಲ್ಲ ಮಕ್ಕಳಿಗೂ ಸಮನಾದ ಎಟುಕು’. ನನ್ನ ಕಿವಿಗೆ ಸರಿ ಕೇಳುತ್ತದೆ. ಆದರೆ ‘ಕೈಗೆಟುಕುವ ಬೆಲೆ’ ಎಂಬ ಜಾಹೀರಾತಿನ ಮಾತಿನಿಂದ ಅದಕ್ಕೆ ದುಡ್ಡಿನ ವಾಸನೆ ಹತ್ತಿದೆಯೇನೋ ಎಂಬ ಅನುಮಾನವೂ ಉಂಟು. ಮೈಸೂರು, ಧಾರವಾಡ ಕಡೆಯವರ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಇನ್ನೊಂದು ಮಾತು ಕಾಸರಗೋಡಿನವರಿಗೆ. ಕೇರಳದಲ್ಲಿ ಎರಡು ದಶಕಗಳಿಂದಲೇ ಶಾಲೆಗಳಲ್ಲಿ ಐಟಿ ಕಲಿಸುತ್ತಿದ್ದಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲೇ ಬರುತ್ತದೆ. ಇಷ್ಟು ವರ್ಷ ಅದನ್ನು ಪಾಠ ಮಾಡಿದ ಮಾಷ್ಟ್ರುಗಳು, ಟೀಚರುಗಳು ಇಲ್ಲಿ ಇದ್ದೇ ಇರುತ್ತೀರಿ. ನಿಮ್ಮ ಪುಸ್ತಕದಲ್ಲಿ ‘ಆಕ್ಸೆಸ್’ಗೆ ಯಾವ ಪದ ಹಾಕಿದ್ದಾರೆ, ಮಕ್ಕಳು ಅದನ್ನೇ ಹೇಳುತ್ತಾರಾ, ಇಲ್ಲ ಬೇರೆ ಏನಾದರೂ ಮಾತು ಕಟ್ಟಿಕೊಂಡಿದ್ದಾರಾ? ಪುಸ್ತಕದ ಪದಕ್ಕಿಂತ ಮಕ್ಕಳ ಪದವೇ ನನಗೆ ಹೆಚ್ಚು ಬೇಕು. ಫಾರಂ ಪ್ರಿಂಟಿಗೆ ಕೊಡಲಿಕ್ಕೆ ಇನ್ನು ಒಂದು ವಾರ ಉಂಟು.