ವಿಷು ಊಟಕ್ಕೆ 50 ಜನ, ಕಸ ಕಮ್ಮಿ ಆಗಬೇಕು. ಹೇಗೆ?

ನೀರ್ಚಾಲು_ತೋಟ:
ವಿಷುವಿಗೆ ಮನೆಯಲ್ಲೇ ಊಟ. ನೆಂಟರು, ನೆರೆಕರೆ ಸೇರಿ 50 ಜನ, ಎರಡು ಹಂತಿ (ಪಂಕ್ತಿ). ಪೇಪರ್ ಎಲೆ, ಬಾಟ್ಲಿ ನೀರು ಬೇಡ ಅಂತ ತೀರ್ಮಾನವಾಗಿದೆ. ಏಪ್ರಿಲಿನಲ್ಲಿ ಬಾವಿಯ ತಳ ಕಾಣುವುದರಿಂದ ಸ್ಟೀಲ್ ಬಟ್ಟಲು ತೊಳೆಯುವ ಮಾತೇ ಇಲ್ಲ. ಬಾಳೆ ಎಲೆಯೋ, ಅಡಿಕೆ ಹಾಳೆಯ ತಟ್ಟೆಯೋ? ಮಿಕ್ಕಿದ್ದನ್ನು, ಎಂಜಲೆಲೆಯನ್ನು ಏನು ಮಾಡುವುದು? ಗೋಬರ್ ಗ್ಯಾಸ್ ಇದೆ, ಎರಡು ದನ ಇದೆ, ಕಾಡುಹಂದಿ ಕಾಟವೂ ಇದೆ.

ಕೊಡಿಬಾಳೆ:
ಬಾಳೆ ಎಲೆಯೇ ಸರಿ. ಆದರೆ ವಿಷು ಹೊತ್ತಿಗೆ ಗಾಳಿ-ಬಿಸಿಲಿಗೆ ಬಯಲಿನ ಬಾಳೆಯೆಲ್ಲ ಸೀಳಿರುತ್ತದೆ. ಅಡಿಕೆ ಮರದ ನೆರಳಲ್ಲಿರುವ, ಇನ್ನೂ ಗೊನೆ ಹಾಕದ ಗಿಡಗಳಿಂದ ಒಂದೊಂದೇ ಎಲೆ ತೆಗೆಯಿರಿ. ಗೊನೆ ಬಿಟ್ಟದ್ದರ ಎಲೆ ಕಡಿದರೆ ಕಾಯಿ ಬಲಿಯುವುದಿಲ್ಲ. ಹಿಂದಿನ ಸಂಜೆಯೇ ಕೊಯ್ದು, ಒದ್ದೆ ಗೋಣಿ ಸುತ್ತಿ ನೆರಳಲ್ಲಿಡಿ. ಬೆಳಿಗ್ಗೆ ಕೊಯ್ದು ಬಿಸಿಲಲ್ಲಿ ರಾಶಿ ಹಾಕಿದರೆ ಬಡಿಸುವಷ್ಟರಲ್ಲಿ ಬಾಡಿ ಸುರುಟಿಕೊಳ್ಳುತ್ತದೆ. ತೊಳೆಯಬೇಕೆಂದಿಲ್ಲ, ಒದ್ದೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿದರೆ ಸಾಕು. ಹರಿಯುವುದನ್ನೂ ಲೆಕ್ಕ ಹಿಡಿದು 60 ಎಲೆ ಇರಲಿ.

ಹಾಳೆಯದ್ದು ಪಾಯಸಕ್ಕೆ 50 ಚಿಕ್ಕ ಬಟ್ಟಲು, ಮೇಜಿನಲ್ಲಿ ಕೂರುವ ಹಿರಿಯರಿಗೆ 10 ದೊಡ್ಡ ತಟ್ಟೆ ಸಾಕು. ತರುವಾಗ ಹಿಂಬದಿ ನೋಡಿ. ಸರಿಯಾಗಿ ಒಣಗಿಸದ ಹಾಳೆಯಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಅದು ಬೂಸ್ಟು. ಒರೆಸಿ ಬಳಸುವ ಉಪಾಯ ಬೇಡ, ವಾಪಸ್ ಕೊಡಿ. ತಟ್ಟೆ ಒತ್ತುವಲ್ಲಿಂದಲೇ ಗೋಣಿಯಲ್ಲಿ ತಂದರೆ ಸುತ್ತಿದ ಪ್ಲಾಸ್ಟಿಕೂ ಬರುವುದಿಲ್ಲ.

ಕುಡಿಯಲು 25 ಲೀಟರ್ ಜೀರಿಗೆ ನೀರು ಹಿಂದಿನ ರಾತ್ರಿ ಕುದಿಸಿ ಆರಿಸಿಡಿ. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ. ಮೂರು ಬಾಲ್ದಿ ಸಾಲಾಗಿಟ್ಟು, ಒಂದರಲ್ಲಿ ಉಜ್ಜಿ ಎರಡರಲ್ಲಿ ಅದ್ದಿ ತೆಗೆದರೆ ಸುಮಾರು 40 ಲೀಟರಿನಲ್ಲಿ ಮುಗಿಯುತ್ತದೆ. ನಳ್ಳಿ ಬಿಟ್ಟು ತೊಳೆದರೆ ಲೆಕ್ಕವೇ ಇಲ್ಲ.

ಸಟ್ಟುಗ:
ಎಲೆಯ ಬಗ್ಗೆ ಇಷ್ಟು ಚರ್ಚೆ, ಪಾತ್ರೆಯಲ್ಲಿ ಮಿಗುವ ಅನ್ನದ ಬಗ್ಗೆ ಒಂದು ಮಾತಿಲ್ಲ! ನನ್ನ ಮಟ್ಟಿಗೆ ಅದೇ ದೊಡ್ಡ ಕಸ. ತಲಾ 100 ಗ್ರಾಂ ಲೆಕ್ಕದಲ್ಲಿ 5 ಕಿಲೋ ಅಕ್ಕಿ ಧಾರಾಳ. ಒಟ್ಟಿಗೆ ಬೇಯಿಸಬೇಡಿ, ಮೊದಲ ಹಂತಿಗೆ 3 ಕಿಲೋ, ಅವರು ಉಂಡದ್ದು ನೋಡಿ ಉಳಿದದ್ದು. ಗುಜ್ಜೆ (ಎಳೆ ಹಲಸು) ಪಲ್ಯಕ್ಕೆ ಸಿಪ್ಪೆ ಸಮೇತ 6 ಕಿಲೋ ಬೇಕು, ಸಿಪ್ಪೆ-ಗೂಂಜು ಹೋಗಿ ಅರ್ಧ ಉಳಿಯುತ್ತದೆ. ಕೊದಿಲು (ಕಾಯಿ ಅರೆದು ಹಾಕಿದ ಸಾಂಬಾರು) 8 ಲೀಟರ್, ತೋಟದ ಬಣ್ಣದ ಸೌತೆಯದ್ದೇ ಮಾಡಿ. ಬೀನ್ಸು, ಕ್ಯಾರೆಟು ಘಟ್ಟ ಇಳಿದು ಬರಬೇಕು, ಈ ಕಾಲಕ್ಕೆ ಯಾಕೆ?

ತೆಂಗಿನಕಾಯಿ ಅರೆದು ಹಾಕಿದ್ದು ವಿಷುವಿನ ಸೆಖೆಗೆ ಸಂಜೆಯೊಳಗೆ ಹುಳಿಯುತ್ತದೆ. ಹಾಗಾಗಿ ತರಕಾರಿ-ಬೇಳೆ ಬೇಯಿಸಿ ಬೇರೆ ಇಡಿ. ಅರೆದ ಮಸಾಲೆಯಲ್ಲಿ ಅರ್ಧ ಮಾತ್ರ ಮೊದಲ ಹಂತಿಗೆ ಕೂಡಿಸಿ ಕುದಿಸಿ, ಇನ್ನರ್ಧ ಫ್ರಿಜ್ಜಿನಲ್ಲಿರಲಿ. ಮಸಾಲೆ ಸೇರದೆ ಉಳಿದ ಬೇಳೆ ರಾತ್ರಿ ಸಾರಿಗಾಗುತ್ತದೆ.

ಹೆಸರುಬೇಳೆ ಪಾಯಸಕ್ಕೆ 1 ಕಿಲೋ ಬೇಳೆ, 2 ಕಿಲೋ ಬೆಲ್ಲ, 10 ತೆಂಗಿನಕಾಯಿ. ದಪ್ಪ ಹಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ, ಕುದಿದರೆ ಒಡೆಯುತ್ತದೆ. ಮಜ್ಜಿಗೆಗೆ ಪ್ಯಾಕೆಟ್ ಮೊಸರು ತರುವ ಬದಲು 5 ಲೀಟರ್ ಹಾಲು ಕ್ಯಾನಿನಲ್ಲಿ ತಂದು ಹಿಂದಿನ ರಾತ್ರಿ ಹೆಪ್ಪು ಹಾಕಿ.

ನೀರ್ಚಾಲು_ತೋಟ:
ಅನ್ನ ಮಿಕ್ಕಿದರೆ ಗೋಬರ್ ಗ್ಯಾಸಿಗೆ ಹಾಕಬಹುದಲ್ಲ?

ಗೊಬ್ಬರದ_ಗುಂಡಿ:
ಒಮ್ಮೆಲೇ ಸುರಿದರೆ ಒಳಗೆ ಹುಳಿಯೆದ್ದು ಗ್ಯಾಸ್ ಉರಿಯುವುದೇ ನಿಲ್ಲುತ್ತದೆ. ದಿನಕ್ಕೆ 2 ಕಿಲೋ ಮೀರಬೇಡಿ, ಸೆಗಣಿ ನೀರಿನಲ್ಲಿ ಕಿವುಚಿಯೇ ಹಾಕಿ. ಬಾಳೆ ಎಲೆಯಂತೂ ಬೇಡವೇ ಬೇಡ, ತೇಲಿ ಕೆನೆಗಟ್ಟುತ್ತದೆ. ದನಕ್ಕೂ ಅನ್ನದ ರಾಶಿ ಇಡಬೇಡಿ, ಹೊಟ್ಟೆ ಕೆಡುತ್ತದೆ. ಅನ್ನ ಕೊಡವಿದ ಎಲೆ ಕೊಡಬಹುದು. ಬಡಿಸದೆ ಉಳಿದ ಒಳ್ಳೆಯ ಅನ್ನವಿದ್ದರೆ ಜೀರಿಗೆ, ಉಪ್ಪು ಹಾಕಿ ಅರೆದು ಸಂಡಿಗೆ ಇಡಿ. ಏಪ್ರಿಲಿನ ಬಿಸಿಲು ಇರುವುದೇ ಅದಕ್ಕೆ.

ಎಂಜಲೆಲೆಗೆ ಮೂರಡಿ ಆಳದ ಗುಂಡಿ, ತೆಂಗಿನ ಬುಡದಿಂದ ಆರಡಿ ದೂರದಲ್ಲಿ. ಎಲೆ ಹರಿದು ಒಂದು ಪದರ, ಅದರ ಮೇಲೆ ತರಗೆಲೆ, ಸೆಗಣಿ ನೀರು, ಮತ್ತೆ ಎಲೆ. ಹಾಳೆ ಬಟ್ಟಲನ್ನು ನಾಲ್ಕು ತುಂಡು ಮಾಡದಿದ್ದರೆ ತಿಂಗಳುಗಟ್ಟಲೆ ಹಾಗೇ ಕೂರುತ್ತದೆ. ಕೊನೆಗೆ ಅರ್ಧ ಅಡಿ ಮಣ್ಣು, ಮೇಲೆ ತೆಂಗಿನ ಮಡಲು ಅಡ್ಡಡ್ಡ ಹಾಕಿ ಕಲ್ಲಿಡಿ. ಹಂದಿಗೆ ಅನ್ನದ ವಾಸನೆ ಸಿಕ್ಕಿದರೆ ಗುಂಡಿಯ ಜೊತೆ ಬುಡದ ಬೇರನ್ನೂ ಎಬ್ಬಿಸುತ್ತದೆ. ಎರೆಹುಳು ಬಿಡುವುದಾದರೆ ಮೂರು ವಾರ ಕಳೆಯಲಿ, ಅಷ್ಟರವರೆಗೆ ರಾಶಿ ಬಿಸಿ ಇರುತ್ತದೆ.

ಎಣ್ಣೆ, ಬೇಳೆಯ ಪ್ಯಾಕೆಟ್, ಮನೆ ಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡುವ ಮೊದಲು ತೊಳೆದು ಒಣಗಿಸಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಆ ಚೂರು ಯಾರ ಚೀಲಕ್ಕೂ ಹೋಗದೆ ತೋಟದಲ್ಲೇ ಉಳಿಯುತ್ತದೆ. ಮತ್ತೆ ವಿಷುವಿನ ಬೆಳಿಗ್ಗೆ ನೋಡುವ ಕಣಿಗೆ ಪೇಟೆಯ ಪ್ಲಾಸ್ಟಿಕ್ ಕೊಂದೆ (ಕಕ್ಕೆ) ಹೂ ತರಬೇಡಿ ಮಾರಾಯ್ರೆ.