‘ಓಗೊಡು’ ಎಂಬ ಕ್ರಿಯಾಪದಕ್ಕೆ ಒಪ್ಪುವ ನಾಮಪದ ಯಾವುದು? ನ್ಯೂಕಾಸಲ್‌ನ ಯುದ್ಧ ಸ್ಮಾರಕವೊಂದರ ಹೆಸರಿನ ತೊಡಕು

ಬಲ್ಲವರ ಮುಂದೆ ಒಂದು ಪದದ ತೊಡಕನ್ನು ಇಡುತ್ತಿದ್ದೇನೆ. ಮಗಳ ಮನೆಗೆಂದು ಇಂಗ್ಲೆಂಡಿನ ನ್ಯೂಕಾಸಲ್‌ಗೆ ಬಂದು ಎರಡು ತಿಂಗಳಾಯಿತು. ಇಲ್ಲಿನ ಕನ್ನಡದವರು ಯುಗಾದಿಗೆ ತರುವ ಸಂಚಿಕೆಗೆ ಈ ಭಾಗದ ಸ್ಮಾರಕಗಳ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದರು. ಒಪ್ಪಿಕೊಂಡೆ. ಮೂವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನು ನಾನು. ಇನ್ನೊಬ್ಬರ ಪದ ಸರಿಯಿಲ್ಲ ಎಂದು ಗೀರುವುದು ಸುಲಭ. ಸರಿಯಾದದ್ದನ್ನು ನಾನೇ ಹುಡುಕಬೇಕಾಗಿ ಬಂದಾಗ ಮೊದಲ ಚಿತ್ರದ ಅಡಿಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ.

ಚಿತ್ರ ಬ್ಯಾರಾಸ್ ಬ್ರಿಜ್ ಬಳಿಯ ಸೇಂಟ್ ಥಾಮಸ್ ಚರ್ಚಿನ ಅಂಗಳದಲ್ಲಿರುವ ಕಂಚಿನ ಶಿಲ್ಪದ್ದು. ಹೆಸರು ‘ದಿ ರೆಸ್ಪಾನ್ಸ್, 1914’. ಮಾಡಿದವರು ಕಾರ್ಡಿಫ್‌ನಲ್ಲಿ ಹುಟ್ಟಿದ ವೇಲ್ಸ್‌ನ ಶಿಲ್ಪಿ ವಿಲಿಯಂ ಗಾಸ್ಕಂಬ್ ಜಾನ್ (1860–1952). ತಂದೆ ಕಾರ್ಡಿಫ್ ಕೋಟೆಯಲ್ಲಿ ಕೆಲಸ ಮಾಡಿದ್ದ ಮರಗೆತ್ತನೆಯವರು. 1911ರಲ್ಲಿ ಕೆರ್ನಾರ್ವನ್‌ನಲ್ಲಿ ವೇಲ್ಸ್ ರಾಜಕುಮಾರನ ಪಟ್ಟಾಭಿಷೇಕವಾದಾಗ ಕಿರೀಟ, ದಂಡಗಳ ವಿನ್ಯಾಸವೂ ಈ ಶಿಲ್ಪಿಯದೇ. 1923ರ ಜುಲೈ 5ರಂದು ಈ ಸ್ಮಾರಕವನ್ನು ಅನಾವರಣ ಮಾಡಿದವನೂ ಅದೇ ರಾಜಕುಮಾರ. ಹಣ ಕೊಟ್ಟವರು ಊರಿನ ಹಡಗು ವ್ಯಾಪಾರಿ ಸರ್ ಜಾರ್ಜ್ ರೆನ್ವಿಕ್ ದಂಪತಿ. ಅವರ ಐವರು ಗಂಡುಮಕ್ಕಳೂ ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಐವರೂ ಮರಳಿ ಬಂದಿದ್ದರು.

ಶಿಲ್ಪದಲ್ಲಿ ಯುದ್ಧವೇ ಇಲ್ಲ. ಮುಂದೆ ಡೋಲು ಬಾರಿಸುತ್ತ ಇಬ್ಬರು ಹುಡುಗರು, ಅವರ ಹಿಂದೆ ಒತ್ತೊತ್ತಾಗಿ ಗಂಡಸರು. ಕೆಲವರು ಸಮವಸ್ತ್ರದಲ್ಲಿದ್ದಾರೆ, ಕೆಲವರು ಇನ್ನೂ ದಿನದ ಕೆಲಸದ ಬಟ್ಟೆಯಲ್ಲೇ ಇದ್ದಾರೆ. ಒಬ್ಬ ಹೆಂಡತಿ ಮಕ್ಕಳನ್ನು ಬೀಳ್ಕೊಳ್ಳುತ್ತಿದ್ದಾನೆ. ಎಲ್ಲರ ತಲೆಯ ಮೇಲೆ ರೆಕ್ಕೆಯ ದೇವತೆಯೊಬ್ಬಳು ಕಹಳೆ ಊದುತ್ತಿದ್ದಾಳೆ. 1914ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಊರಿನ ವಾಣಿಜ್ಯ ಮಂಡಳಿ ನಾರ್ಥಂಬರ್ಲೆಂಡ್ ಫ್ಯುಸಿಲಿಯರ್ಸ್ ಪಡೆಗೆ ಸೇರಿಸಿದ ತುಕಡಿಗಳ ನೆನಪಿಗೆ ಇದನ್ನು ನಿಲ್ಲಿಸಿದ್ದು. ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯ ಸೇರ್ಪಡೆಯ ಕಾನೂನು ಬಂದದ್ದು 1916ರಲ್ಲಿ. ಅಂದರೆ ಈ ಕಂಚಿನ ಜನ ತಾವಾಗಿಯೇ ಹೊರಟವರು. ಹೆಸರಿನ ಜೀವ ಇರುವುದು ಅಲ್ಲಿ.

ಜೊತೆಗಿದ್ದ ಮೊಮ್ಮಗಳು ಕೇಳಿದಳು: “ತಾತ, ಇದನ್ನು ಕನ್ನಡದಲ್ಲಿ ಏನೆನ್ನುತ್ತಾರೆ?”

“ಪ್ರತಿಕ್ರಿಯೆ” ಎಂದುಬಿಟ್ಟೆ. ಬಾಯಿಂದ ಬಿದ್ದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಪ್ರತಿಕ್ರಿಯೆ ಎಂಬುದು ಸಚಿವರು ಪತ್ರಕರ್ತರಿಗೆ ಕೊಡುವಂಥದ್ದು, ಔಷಧ ಒಗ್ಗದವರ ಮೈಯಲ್ಲಿ ಏಳುವಂಥದ್ದು. ‘ಸ್ಪಂದನ’ ಎನ್ನಬಹುದಿತ್ತು, ಮೂಲದಲ್ಲಿ ಅದು ಮಿಡಿತ, ಒಳ್ಳೆಯ ಪದವೇ. ಆದರೆ ಸರ್ಕಾರಿ ಕಚೇರಿಗಳ ‘ಜನಸ್ಪಂದನ’ ಫಲಕಗಳಲ್ಲಿ ತೂಗಾಡಿ ತೂಗಾಡಿ ಅದರ ಮಿಡಿತ ನಿಂತುಹೋಗಿದೆ. ‘ಉತ್ತರ’ ಎಂದರೆ ಪ್ರಶ್ನೆ ಪತ್ರಿಕೆ ಕಣ್ಣೆದುರು ಬರುತ್ತದೆ. ‘ಮರುಮಾತು’ ಎಂಬುದು ಎದುರುತ್ತರದ ಪಾಳೆಯಕ್ಕೆ ಸೇರಿದ್ದು. ಇವರು ಮರುಮಾತಿಲ್ಲದೆ ಹೋದವರು.

ಉಳಿದದ್ದು ‘ಓಗೊಡು’. ‘ಓ’ ಮತ್ತು ‘ಕೊಡು’ ಸೇರಿ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿ ಆದದ್ದು. ಹಿತ್ತಲಿನಿಂದ ಅಮ್ಮ ಕೂಗಿದರೆ ಜಗುಲಿಯಿಂದ ‘ಓ’ ಎನ್ನುತ್ತೇವಲ್ಲ, ಅಷ್ಟೇ ಅದರ ಬಂಡವಾಳ. ಕರೆದವರಿಗೆ ‘ಕೇಳಿಸಿತು, ಇದ್ದೇನೆ, ಬಂದೆ’ ಎಂಬ ಮೂರನ್ನೂ ಒಂದಕ್ಷರದಲ್ಲಿ ತಿಳಿಸುವ ಇಂಥ ಪದ ಇರುವಾಗ ಪ್ರತಿಕ್ರಿಯೆಗೆ ಏಕೆ ಹೋಗಬೇಕು?

ತೊಡಕು ಒಂದು: ನಾಮಪದ ಮಾಡಹೋದರೆ ಅದು ಮುರುಟಿಕೊಳ್ಳುತ್ತದೆ. ‘ಓಗೊಡುವಿಕೆ’ ಎಂದರೆ ವ್ಯಾಕರಣ ಪುಸ್ತಕದ ಕೃದಂತದ ಉದಾಹರಣೆಯಂತೆ ಕೇಳಿಸುತ್ತದೆ. ‘ಓಗೊಡಿಕೆ’ಯನ್ನು ನಾನು ಎಲ್ಲಿಯೂ ಓದಿದ ನೆನಪಿಲ್ಲ. ‘ಓಗೊಟ್ಟವರು’ ಚೆನ್ನಾಗಿದೆ, ಆದರೆ ಮೂಲದ ಹೆಸರು ಕೆಲಸವನ್ನು ಹೇಳುತ್ತದೆ, ಇದು ಜನರನ್ನು ಹೇಳುತ್ತದೆ. ಬರೀ ‘ಓ’ ಎಂದು ಹಾಕು ಎಂದಳು ಮೊಮ್ಮಗಳು. ಹಾಕಿದರೆ ಓದುವವರು ಅದನ್ನು ಉದ್ಗಾರವೆಂದು ತಿಳಿದು ನಾನೇ ಶಿಲ್ಪ ನೋಡಿ ಬೆರಗಾದೆ ಎಂದುಕೊಳ್ಳುತ್ತಾರೆ.

ತೊಡಕು ಎರಡು: ನಮ್ಮ ಕನ್ನಡದಲ್ಲಿ ಈ ಪದ ಒಬ್ಬರ ಹೆಸರಿನ ಜೊತೆ ಅಂಟಿಕೊಂಡುಬಿಟ್ಟಿದೆ. ‘ಗಾಂಧೀಜಿಯವರ ಕರೆಗೆ ಓಗೊಟ್ಟು ಚಳವಳಿಗೆ ಧುಮುಕಿದರು’ ಎಂಬ ಸಾಲನ್ನು ಸ್ವಾತಂತ್ರ್ಯ ಹೋರಾಟಗಾರರ ಪರಿಚಯಗಳಲ್ಲಿ ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಅವರು ಓಗೊಟ್ಟದ್ದು ಬ್ರಿಟಿಷರು ತೊಲಗಲಿ ಎಂದು. ಈ ಕಂಚಿನವರು ಓಗೊಟ್ಟದ್ದು ಅದೇ ಬ್ರಿಟಿಷ್ ರಾಜನ ಸೈನ್ಯಕ್ಕೆ. ಒಂದೇ ಪದವನ್ನು ಇಬ್ಬರಿಗೂ ಹಂಚಬಹುದೇ? ಸಂಚಿಕೆಯ ಸಂಪಾದಕರು ಇದನ್ನೇ ಎತ್ತಿ ಆಕ್ಷೇಪಿಸಿದರು. ನನಗೇನೋ ದೋಷ ಕಾಣುವುದಿಲ್ಲ. ಕರೆದವನು ಯಾರು ಎಂಬುದನ್ನು ‘ಓ’ ಹೇಳುವುದಿಲ್ಲ, ಹೊರಟವನು ಬಾಗಿಲು ದಾಟಿದ್ದನ್ನು ಮಾತ್ರ ಹೇಳುತ್ತದೆ. ಆದರೂ ಬೇರೆಯವರ ಕಿವಿಗೆ ಹೇಗೆ ಕೇಳಿಸುತ್ತದೆಂದು ತಿಳಿಯಬೇಕು.

ಬಾಗಿಲು ಎಂದಾಗ ನೆನಪಾಯಿತು. ತುಮಕೂರು ಕಡೆಯ ನಮ್ಮೂರಿನಲ್ಲಿ ಕದಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಓ ಎಂದವನು ಉಳಿಯುವುದಿಲ್ಲ ಎಂಬ ಹೆದರಿಕೆ. “ಕತ್ತಲಾದ ಮೇಲೆ ಯಾರೇ ಹೆಸರು ಹಿಡಿದು ಕೂಗಲಿ, ಮೊದಲ ಕೂಗಿಗೆ ಓ ಎನ್ನಬೇಡ ಕಣೋ” ಎನ್ನುತ್ತಿದ್ದರು ನಮ್ಮಜ್ಜಿ. ಈ ಶಿಲ್ಪದಲ್ಲಿರುವ ತುಕಡಿಗಳ ಪೈಕಿ 16ನೆಯದನ್ನು 1916ರ ಜುಲೈ 1ರಂದು, ಫ್ರಾನ್ಸಿನ ಸೋಮ್ ಕದನದ ಮೊದಲ ದಿನ, ತೀಪ್ವಾಲ್ ಹಳ್ಳಿಯ ಮೆಷಿನ್ ಗನ್ನುಗಳ ಎದುರಿಗೆ ನಡೆಸಿದರು. ಇಂಗ್ಲಿಷಿನ ‘ರೆಸ್ಪಾನ್ಸ್’ನಲ್ಲಿ ಈ ಅಳುಕು ಇಲ್ಲ. ನಮ್ಮ ‘ಓ’ದಲ್ಲಿ ಇದೆ. ಅನುವಾದ ಮೂಲಕ್ಕಿಂತ ಹೆಚ್ಚು ಹೇಳಿದರೆ ಅದು ತಪ್ಪೇ?

ಇನ್ನು ಪೀಠದ ಮೇಲಿನ ಲ್ಯಾಟಿನ್. ಮುಂದೆ ‘ನಾನ್ ಸಿಬಿ ಸೆಡ್ ಪಾಟ್ರಿಯೆ’. ‘ತನಗಲ್ಲ, ನಾಡಿಗೆ’ ಎಂದರೆ ಮುಗಿಯಿತು. ನಮ್ಮ ಚತುರ್ಥಿ ಅವರ ಚತುರ್ಥಿಯಷ್ಟೇ ಚುಟುಕಾಗಿ ಕುಳಿತುಕೊಳ್ಳುತ್ತದೆ. ಲ್ಯಾಟಿನ್ನಿನ ನಾಡು ತಂದೆಯ ಕಡೆಯದು, ನಮ್ಮದು ತಾಯ್ನಾಡು. ಆ ಜಗಳಕ್ಕೆ ಹೋಗದೆ ಬರೀ ‘ನಾಡು’ ಎಂದಿಟ್ಟಿದ್ದೇನೆ.

ಹಿಂಬದಿಯಲ್ಲಿ ಸಂತ ಜಾರ್ಜ್, ಅವನ ಎಡಬಲಕ್ಕೆ ಒಬ್ಬ 1674ರ ಉಡುಪಿನ ಸೈನಿಕ, ಇನ್ನೊಬ್ಬ ಈ ಯುದ್ಧದವನು. ಅಲ್ಲಿ ಪಡೆಯ ಧ್ಯೇಯವಾಕ್ಯ: ‘ಕ್ವೊ ಫಾಟಾ ವೊಕಾಂಟ್’. ವಿಧಿ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ. ಇದು ನನ್ನನ್ನು ಒಂದು ಮಧ್ಯಾಹ್ನವಿಡೀ ಹಿಡಿದು ಕೂರಿಸಿತು. ‘ವೊಕಾಂಟ್’ ಎಂದರೆ ಕರೆಯುತ್ತವೆ. ನಮ್ಮ ‘ವಾಕ್’ಗೆ ದಾಯಾದಿ. ‘ಫಾಟಾ’ ಎಂದರೆ ಮೂಲತಃ ‘ನುಡಿದದ್ದು’. ರೋಮನ್ನರ ವಿಧಿ ಬಾಯಿಂದ ಬಂದದ್ದು, ಹಾಗಾಗಿ ಅದು ಕರೆಯಬಲ್ಲದು. ನಮ್ಮದೋ ಹಣೆಬರಹ, ಬರೆದದ್ದು. ಬರಹ ಕರೆಯುವುದು ಹೇಗೆ? ‘ಹಣೆಬರಹ ಕರೆದತ್ತ’ ಎಂದು ಬರೆದು ನೋಡಿ, ಕಾಲಿಗೆ ಕಾಲು ತೊಡರುತ್ತದೆ. ‘ವಿಧಿ ಕರೆದತ್ತ’ ಎಂದೇ ಇಟ್ಟಿದ್ದೇನೆ. ವಿಧಿಯಲ್ಲಿ ಅಪ್ಪಣೆಯ ಅರ್ಥವೂ ಇರುವುದರಿಂದ ಅದಕ್ಕೆ ಬಾಯಿ ಇದೆ ಎಂದುಕೊಳ್ಳಬಹುದು. ನನಗೆ ಮುಖ್ಯವಾದದ್ದು ಬೇರೆ: ಕಲ್ಲಿನ ಒಂದು ಬದಿಯಲ್ಲಿ ಕರೆ, ಇನ್ನೊಂದು ಬದಿಯಲ್ಲಿ ಓ. ಎರಡೂ ಪದ ಕನ್ನಡದಲ್ಲಿಯೂ ಒಂದಕ್ಕೊಂದು ಎದುರುಬದುರಾಗಿ ಕೂರದಿದ್ದರೆ ಕೆಲಸ ಕೆಟ್ಟಂತೆ.

ಇದೇ ‘ಕರೆ’ ಲಿವರ್‌ಪೂಲ್‌ನಲ್ಲಿ ಇನ್ನೊಮ್ಮೆ ಸಿಕ್ಕಿತು. ನದಿ ದಂಡೆಯ ಪಿಯರ್ ಹೆಡ್‌ನಲ್ಲಿ ಗಾಸ್ಕಂಬ್ ಜಾನ್ 1916ರಲ್ಲಿ ಮಾಡಿದ ಇನ್ನೊಂದು ಸ್ಮಾರಕವಿದೆ. ಟೈಟಾನಿಕ್ ಹಡಗಿನ ಎಂಜಿನಿಯರುಗಳಿಗೆಂದು ಯೋಜಿಸಿದ್ದು, ಅಷ್ಟರಲ್ಲಿ ಯುದ್ಧ ಬಂದು ಹಡಗಿನ ಎಂಜಿನ್ ಕೋಣೆಯಲ್ಲಿ ಸತ್ತವರೆಲ್ಲರಿಗೂ ಸೇರಿದ್ದಾಯಿತು. ಕೈಯಲ್ಲಿ ಸ್ಪ್ಯಾನರ್ ಹಿಡಿದ ಎಂಜಿನಿಯರ್, ಬರಿಮೈಯಲ್ಲಿ ಕಲ್ಲಿದ್ದಲು ತುಂಬುವ ಕೆಲಸಗಾರ, ಇಂಥವರನ್ನು ಇಷ್ಟು ಎತ್ತರದ ಕಲ್ಲಿನಲ್ಲಿ ನಿಲ್ಲಿಸಿದ್ದು ಆ ಕಾಲಕ್ಕೆ ಅಪರೂಪ. ಎರಡನೆಯ ಮಹಾಯುದ್ಧದ ಬಾಂಬು ಸಿಡಿದ ಗಾಯಗಳು ಕಲ್ಲಿನ ಮೇಲೆ ಇನ್ನೂ ಇವೆ. ಬೆರಳಿಟ್ಟರೆ ತುದಿ ಒಳಗಿಳಿಯುತ್ತದೆ.

ಅಲ್ಲಿನ ಬರಹ ಹೀಗೆ ಸಾಗುತ್ತದೆ: ‘ವೀರರಿಗೆ ಸಾವಿಲ್ಲ, ಅವರ ಕೆಲಸಗಳು ಎಂದೆಂದಿಗೂ ಬಾಳುತ್ತವೆ, ಅವರ ಧೈರ್ಯವನ್ನೂ ಕರ್ತವ್ಯನಿಷ್ಠೆಯನ್ನೂ ಅನುಸರಿಸಿರೆಂದು ನಮ್ಮನ್ನು ಕರೆಯುತ್ತವೆ.’ ನನ್ನ ಈ ಕರಡಿನಲ್ಲಿ ನನಗೇ ಎರಡು ಗೀರು ಬಿದ್ದಿವೆ. ಒಂದು ‘ವೀರ’. ವೀರ ಎಂದರೆ ಕನ್ನಡದ ಕಿವಿಗೆ ಕತ್ತಿಯ ಸದ್ದು ಕೇಳಬೇಕು. ಇವರು ಯಾರನ್ನೂ ಹೊಡೆದವರಲ್ಲ, ನೀರು ಏರುತ್ತಿದ್ದಾಗ ಯಂತ್ರ ಬಿಟ್ಟು ಕದಲದವರು. ಅದಕ್ಕೆ ‘ಧೀರ’ ಸರಿ. ಇನ್ನೊಂದು ‘ಅನುಸರಿಸಿ’. ನಿಘಂಟು ಕೊಡುವ ‘ಅನುಕರಿಸಿ’ಯಂತೂ ಬೇಡ, ಅದರಲ್ಲಿ ಕೋತಿಯ ನೆರಳಿದೆ. ‘ಮೇಲ್ಪಂಕ್ತಿ’ ಎಂಬ ಪದ ಈಗಿನವರಿಗೆ ಗೊತ್ತೇ? ಕಾಪಿ ಪುಸ್ತಕದ ಮೇಲುಗಡೆ ಮೇಷ್ಟರು ಒಂದು ಸಾಲನ್ನು ದುಂಡಗೆ ಬರೆದುಕೊಡುತ್ತಿದ್ದರು, ಕೆಳಗೆಲ್ಲ ನಾವು ಅದನ್ನು ನೋಡಿ ತಿದ್ದಬೇಕಿತ್ತು. ಇಂಗ್ಲಿಷಿನವರು ಅಲ್ಲಿ ಬಳಸಿರುವ ‘ಎಮ್ಯುಲೇಟ್’ ಎಂಬ ಕ್ರಿಯಾಪದಕ್ಕೆ ‘ಮೇಲ್ಪಂಕ್ತಿಯಾಗಿಟ್ಟುಕೊಳ್ಳಿ’ ಎಂಬುದಕ್ಕಿಂತ ಹತ್ತಿರದ್ದು ನನಗೆ ತೋಚುತ್ತಿಲ್ಲ. ಉದ್ದವಾಯಿತೇನೋ ಎಂಬ ಅನುಮಾನ ಮಾತ್ರ ಇದೆ.

‘ಸಾವಿಲ್ಲ’ ಎಂಬುದರ ಬಗ್ಗೆಯೂ ಒಂದು ಮಾತು. ಇಂಥ ಕಲ್ಲುಗಳು ಸಾವನ್ನು ಹೆಸರಿಸಲು ಹಿಂಜರಿಯುತ್ತವೆ. ನಾವೂ ಈಗ ಹಾಗೆಯೇ: ಹುತಾತ್ಮರಾದರು, ಅಮರರಾದರು. ಸುಮಾರು 890ರ ಬೇಗೂರಿನ ವೀರಗಲ್ಲು ಬೆಂಗಳೂರ ಕಾಳಗದಲ್ಲಿ ಮಡಿದವನಿಗೆ ‘ಸತ್ತಂ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆ ಕಾಲದವರಿಗೆ ಅದರಿಂದ ಗೌರವ ಕಡಿಮೆಯಾದಂತೆ ಅನಿಸಿರಲಿಕ್ಕಿಲ್ಲ. ಅಂದಹಾಗೆ ನ್ಯೂಕಾಸಲ್‌ನ ಆ ಚರ್ಚಿನ ಪೂರ್ಣ ಹೆಸರಿನಲ್ಲಿಯೂ ಒಬ್ಬ ಹುತಾತ್ಮ ಇದ್ದಾನೆ. ಇಂಗ್ಲಿಷಿನ ‘ಮಾರ್ಟರ್’ ಎಂಬ ಆ ಪದ ಗ್ರೀಕಿನಲ್ಲಿ ‘ಸಾಕ್ಷಿ’ ಎಂಬುದರಿಂದ ಬಂದದ್ದು. ನಮ್ಮ ಕ್ರೈಸ್ತರು ಬಳಸುವ ‘ರಕ್ತಸಾಕ್ಷಿ’ ಆ ಅರ್ಥವನ್ನು ಬಿಡದೆ ಉಳಿಸಿಕೊಂಡಿದೆ. ನಮ್ಮ ‘ಹುತ’ದಲ್ಲಿ ಇರುವುದು ಹೋಮದ ಬೆಂಕಿ. ಚರ್ಚಿನ ಹೆಸರಿಗೆ ರಕ್ತಸಾಕ್ಷಿಯನ್ನೇ ಬಳಸಿದ್ದೇನೆ, ಇದರಲ್ಲಿ ಯಾರ ಸಲಹೆಯೂ ಬೇಡ.

ಮೂರನೆಯ ಚಿತ್ರ ಲಿವರ್‌ಪೂಲ್‌ನ ಆಚೆ ದಡದ ಪೋರ್ಟ್ ಸನ್‌ಲೈಟ್‌ನದು. ಸಾಬೂನು ಕಾರ್ಖಾನೆಯ ಒಡೆಯ ಲಿವರ್ ತನ್ನ ಕೆಲಸಗಾರರಿಗೆ ಕಟ್ಟಿದ ಊರು. 1921ರಲ್ಲಿ ಅಲ್ಲಿನ ಸ್ಮಾರಕವನ್ನು ಅನಾವರಣ ಮಾಡಿದವನು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸಾರ್ಜೆಂಟ್, ಹಿಂದಿರುಗಿದ ಕಾರ್ಮಿಕರೇ ಮತ ಹಾಕಿ ಆರಿಸಿದವನು. ತಾನು ತೆರೆ ಸರಿಸಿದ್ದನ್ನು ತಾನೇ ನೋಡಲಾಗಲಿಲ್ಲ. ಅಲ್ಲಿನ ಸಾಲು ಹಳೆಯ ಧರ್ಮಗ್ರಂಥದ್ದು, ಒಂದು ಪದ ಬದಲಾಗಿದೆ. ಮೂಲದಲ್ಲಿ ‘ಅವರ ಸಂತತಿ ಎಂದೆಂದಿಗೂ ಉಳಿಯುವುದು’. ಕಲ್ಲಿನಲ್ಲಿ ‘ಅವರ ಹೆಸರು’. ಮದುವೆಯೂ ಆಗದೆ ಹೋದ ಹುಡುಗರ ಕಲ್ಲಿನ ಮೇಲೆ ಸಂತತಿಯ ಮಾತು ಬೇಡವೆನಿಸಿರಬೇಕು ಎಂದು ನನ್ನ ಊಹೆ. ಕನ್ನಡಕ್ಕೆ ಇದು ಕಷ್ಟವೇ ಆಗಲಿಲ್ಲ: ‘ಅವರ ಹೆಸರು ಎಂದೆಂದಿಗೂ ಉಳಿಯುವುದು, ಅವರ ಕೀರ್ತಿ ಅಳಿಯದು.’ ಉಳಿ, ಅಳಿ ಎಂಬ ಜೋಡಿ ನಮ್ಮಲ್ಲಿ ಮೊದಲೇ ಸಿದ್ಧವಾಗಿ ಕಾದಿತ್ತು. ಇಷ್ಟು ಸುಲಭವಾಗಿ ಬಂದದ್ದಕ್ಕೆ ಸ್ವಲ್ಪ ಅನುಮಾನವೂ ಇದೆ. ಇಂಗ್ಲಿಷಿನಲ್ಲಿರುವುದು ತಾನಾಗಿ ಅಳಿಯುವ ಮಾತಲ್ಲ, ಯಾರೋ ಒರೆಸಿಹಾಕುವ ಮಾತು. ‘ಅಳಿಸಿಹೋಗದು’ ಎಂದರೆ ಅರ್ಥ ಬರುತ್ತದೆ, ಲಯ ಹೋಗುತ್ತದೆ. ಲಯವನ್ನೇ ಇಟ್ಟುಕೊಂಡೆ.

ಹಾಗಾಗಿ ಉಳಿದಿರುವ ಪ್ರಶ್ನೆ ಮೊದಲನೆಯದೇ. ‘ಓಗೊಡು’ವಿಗೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಮಾತಿನಲ್ಲಿ, ಹಳೆಯ ಕಾವ್ಯದಲ್ಲಿ ಎಲ್ಲಿಯಾದರೂ ಚಿಕ್ಕದಾದ ನಾಮಪದ ಇದೆಯೇ? ಗಮಕಿಗಳು, ತಾಳಮದ್ದಲೆಯವರು, ಕೋಲಾಟದ ಪದ ಹಾಡುವವರು ಇದ್ದರೆ ದಯವಿಟ್ಟು ನೆನಪು ಮಾಡಿಕೊಳ್ಳಿ. ಅಡಿಬರಹಕ್ಕೆ ಇರುವುದು ಒಂದೇ ಸಾಲು. ಸದ್ಯಕ್ಕೆ ‘ಓಗೊಟ್ಟವರು, 1914’ ಎಂದು ಬರೆದು, ಹಳೆಯ ಅಭ್ಯಾಸದಂತೆ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.