‘ಆಪ್ಟಿಮೈಸ್’ಗೆ ‘ಹದ’ ಒಗ್ಗುತ್ತದೆಯೇ? ಕಾರ್ಖಾನೆಯ ಪ್ಲಾನಿಂಗ್ ಪದಗಳ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ, ನಮಸ್ಕಾರ.

ಪಂಪ್ ತಯಾರಿಸುವ ಒಂದು ಕಂಪನಿಗೆ ಪೂರೈಕೆ ಸರಪಳಿಯ ಪ್ಲಾನಿಂಗ್ ಸಾಫ್ಟ್‌ವೇರ್ ಬರುತ್ತಿದೆ. ಅದರ ಕನ್ನಡ ಕೈಪಿಡಿ ಬರೆಯುವ ಕೆಲಸ ನನ್ನದು. ಓದುವವರು ಸ್ಟೋರ್ಸ್‌ನವರು, ಲೈನ್ ಸೂಪರ್‌ವೈಸರ್‌ಗಳು, ಖರೀದಿ ವಿಭಾಗದವರು. ಅವರು ದಿನವೂ ಇಂಗ್ಲಿಷ್ ಪದಗಳನ್ನು ಬಳಸುತ್ತಾರೆ. ಆದರೆ ಪದದ ಹಿಂದಿನ ಲೆಕ್ಕವನ್ನು ಕನ್ನಡದಲ್ಲಿ ಹೇಳಿದರೆ ಮಾತ್ರ ಅದು ಪೂರ್ತಿ ಅವರದಾಗುತ್ತದೆ. ನನ್ನ ಮುಖ್ಯ ಪ್ರಶ್ನೆ ಒಂದೇ. ‘ಆಪ್ಟಿಮೈಸ್ ಮಾಡು’, ಅಂದರೆ ಇರುವ ಮಿತಿಗಳೊಳಗೆ ಎಲ್ಲಕ್ಕಿಂತ ಸರಿಹೋಗುವುದನ್ನು ಹುಡುಕು, ಎಂಬುದಕ್ಕೆ ಏನು ಹೇಳೋಣ?

ಸಿಗುವ ಅನುವಾದಗಳಲ್ಲಿ ‘ಗರಿಷ್ಠಗೊಳಿಸು’ ಎಂದು ಬರೆದದ್ದು ಆಗಾಗ ಕಣ್ಣಿಗೆ ಬೀಳುತ್ತದೆ. ಇದು ತಪ್ಪು, ಅಷ್ಟೇ ಅಲ್ಲ, ಕೆಲಸ ಕೆಡಿಸುವ ತಪ್ಪು. ‘ದಾಸ್ತಾನು ಗರಿಷ್ಠಗೊಳಿಸಿ’ ಎಂದು ಓದಿದ ಸ್ಟೋರ್ಸ್‌ನವರು ಗೋದಾಮು ತುಂಬಿಸುತ್ತಾರೆ. ಕಂಪನಿ ಹೇಳಬೇಕಾಗಿದ್ದು ಅದರ ತದ್ವಿರುದ್ಧ ಇರಬಹುದು. ಹಾಗಂತ ‘ಕನಿಷ್ಠಗೊಳಿಸು’ ಎಂದರೂ ಸರಿಯಾಗದು. ಒಂದು ಸಣ್ಣ ಲೆಕ್ಕ ಹಾಕಿದರೆ ನಾನು ಹೇಳುವುದು ಗೊತ್ತಾಗುತ್ತದೆ.

ಪಂಪಿಗೆ ಹಾಕುವ ಒಂದು ಸೀಲ್ ತೆಗೆದುಕೊಳ್ಳಿ. ವರ್ಷಕ್ಕೆ 12,000 ಬೇಕು. ಒಂದು ಸಲ ಆರ್ಡರ್ ಕೊಟ್ಟರೆ ಬಾಡಿಗೆ, ಕಾಗದಪತ್ರ, ತಪಾಸಣೆ ಎಲ್ಲ ಸೇರಿ 600 ರೂಪಾಯಿ ಖರ್ಚು ಎಂದುಕೊಳ್ಳೋಣ. ಒಂದು ಸೀಲನ್ನು ವರ್ಷವಿಡೀ ಇಟ್ಟುಕೊಂಡರೆ ಬಡ್ಡಿ, ಜಾಗ ಸೇರಿ 10 ರೂಪಾಯಿ. ಒಂದೊಂದು ಸಲಕ್ಕೆ 2,400 ತರಿಸಿದರೆ ವರ್ಷಕ್ಕೆ ಐದು ಆರ್ಡರ್, ಅಂದರೆ 3,000 ರೂಪಾಯಿ. ಆದರೆ ಸರಾಸರಿ 1,200 ಸೀಲ್ ಕಪಾಟಿನಲ್ಲಿ ಕೂತಿರುತ್ತವೆ. ಅದಕ್ಕೆ 12,000. ಒಟ್ಟು 15,000. ಸರಿ, ಕಡಿಮೆ ಮಾಡೋಣ ಎಂದು 600 ತರಿಸಿದರೆ? ಇಟ್ಟುಕೊಳ್ಳುವ ಖರ್ಚು 3,000ಕ್ಕೆ ಇಳಿಯಿತು. ಆದರೆ 20 ಸಲ ಆರ್ಡರ್ ಕೊಡಬೇಕು, ಅದಕ್ಕೆ 12,000. ಒಟ್ಟು ಮತ್ತೆ ಅದೇ 15,000. ಎರಡರ ನಡುವೆ 1,200ರಂತೆ ತರಿಸಿದರೆ 6,000 ಮತ್ತು 6,000, ಒಟ್ಟು 12,000. ಇದಕ್ಕಿಂತ ಕಡಿಮೆಗೆ ಇಳಿಯುವುದಿಲ್ಲ.

ಈ ಲೆಕ್ಕ ಹಳೆಯದು. ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಇದರ ಸೂತ್ರ ಪ್ರಕಟಿಸಿದ. ಆಗ ಕಂಪ್ಯೂಟರೇ ಇರಲಿಲ್ಲ. ಇವತ್ತಿನ ಸಾಫ್ಟ್‌ವೇರ್ ಇಂಥ ಸಾವಿರಾರು ಭಾಗಗಳ ಲೆಕ್ಕವನ್ನು ಒಟ್ಟಿಗೆ ಹಿಡಿಯುತ್ತದೆ. ಯಂತ್ರ ದಿನಕ್ಕೆ ಎಷ್ಟು ಗಂಟೆ ಓಡೀತು, ಲಾರಿಗೆ ಎಷ್ಟು ಹಿಡಿದೀತು, ಗಿರಾಕಿಗೆ ಕೊಟ್ಟ ಗಡುವು ಯಾವುದು ಎಂಬ ಮಿತಿಗಳನ್ನೂ ಜೊತೆಗೆ ಸೇರಿಸಿಕೊಳ್ಳುತ್ತದೆ. ಅದರ ಗಣಿತದ ಬುನಾದಿ ಹಾಕಿದ್ದರಲ್ಲಿ ದೊಡ್ಡ ಪಾಲು ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್‌ನದು. ಮಿತಿಗಳೊಳಗೆ ಎಲ್ಲಕ್ಕಿಂತ ಒಳ್ಳೆಯ ಉತ್ತರ ಹುಡುಕಲು 1947ರಲ್ಲಿ ಅವನು ಕಂಡುಕೊಂಡ ಸಿಂಪ್ಲೆಕ್ಸ್ ವಿಧಾನ ಇಂದಿಗೂ ಇಂಥ ಸಾಫ್ಟ್‌ವೇರ್‌ಗಳ ಒಳಗೆ ಓಡುತ್ತಿದೆ. ನಮ್ಮ ಎರಡನೇ ಪಿಯುಸಿ ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಮಕ್ಕಳು ಓದುವುದು ಇದರದೇ ಮೊದಲ ಪಾಠ.

ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ಎಲ್ಲ ಮಿತಿಗಳೊಳಗೆ ಸರಿಹೋಗುವ ಆ ಜಾಗಕ್ಕೆ ಕನ್ನಡದಲ್ಲಿ ಆಗಲೇ ಒಂದು ಮಾತಿದೆ ಅಲ್ವಾ? ‘ಹದ’. ಪಾಕಕ್ಕೆ ಹದ ಇದೆ, ಮಣ್ಣಿಗೆ ಹದ ಇದೆ, ಬಿತ್ತನೆಗೆ ‘ಹದ ಮಳೆ’ ಬೇಕು. ಎಲ್ಲ ಕಡೆಯೂ ಅರ್ಥ ಒಂದೇ. ಈ ಕಡೆ ಹೋದರೂ ಕೆಡುತ್ತದೆ, ಆ ಕಡೆ ಹೋದರೂ ಕೆಡುತ್ತದೆ. ‘ಅನುಕೂಲತಮ’, ‘ಅತ್ಯುತ್ತಮೀಕರಣ’ ಎಂಬ ಪದಗಳೂ ಬಳಕೆಯಲ್ಲಿವೆ. ಅವು ತಪ್ಪಲ್ಲ. ಆದರೆ ಎರಡನೇ ಪಾಳಿಗೆ ಬಂದವರ ಬಾಯಲ್ಲಿ ಅವು ಬರುವುದು ಕಷ್ಟ.

ಹದದಲ್ಲಿ ನನಗೆ ಹಿಡಿಸಿದ ಇನ್ನೊಂದು ಗುಣವಿದೆ. ಹದ ಎಂದರೆ ಒಂದೇ ಒಂದು ಬಿಂದುವಲ್ಲ, ಅದಕ್ಕೆ ಸ್ವಲ್ಪ ಅಗಲ ಇದೆ. ಮೇಲಿನ ಲೆಕ್ಕದಲ್ಲಿ 1,200ರ ಬದಲು 1,000 ತರಿಸಿ ನೋಡಿ. 12 ಆರ್ಡರಿಗೆ 7,200, ಇಟ್ಟುಕೊಳ್ಳಲು 5,000, ಒಟ್ಟು 12,200. ವ್ಯತ್ಯಾಸ ಬರೀ 200 ರೂಪಾಯಿ. ಪೆಟ್ಟಿಗೆಯಲ್ಲಿ ಸಾವಿರ ಹಿಡಿಯುತ್ತದೆ ಎಂದಾದರೆ ಸಾವಿರವನ್ನೇ ತರಿಸುವುದು ಜಾಣತನ. ‘ಅತ್ಯುತ್ತಮ’ ಎಂದು ಬರೆದರೆ ಸ್ಕ್ರೀನ್ ತೋರಿಸಿದ 1,200ನ್ನು ಮುಟ್ಟಬಾರದು ಎಂಬ ಭಾವನೆ ಬರುತ್ತದೆ. ‘ಹದ’ ಎಂದರೆ ಕೆಲಸ ಗೊತ್ತಿದ್ದವರು ಸ್ವಲ್ಪ ಆಚೀಚೆ ಮಾಡಬಹುದು ಎಂಬುದು ಪದದಲ್ಲೇ ಇದೆ. ‘ಹದವರಿತು’ ಎಂಬ ಮಾತು ಹುಟ್ಟಿದ್ದೇ ಅದಕ್ಕೆ.

ಪದ ರೂಪಗಳೂ ಸಲೀಸು. ‘ಪ್ಲಾನಿಗೆ ಹದ ನೋಡಿ’, ‘ಹದವಾದ ದಾಸ್ತಾನು’, ‘ಹದ ತಪ್ಪಿದೆ’. ಸ್ಕ್ರೀನಿನ ಮೇಲಿನ ಬಟನ್‌ಗೆ ‘ಹದ ನೋಡು’ ಎಂದು ಹಾಕಬಹುದು. ಸಾಫ್ಟ್‌ವೇರ್ ನಿಜಕ್ಕೂ ಮಾಡುವುದು ಅದನ್ನೇ, ಸಾವಿರಾರು ಸಾಧ್ಯತೆಗಳನ್ನು ನೋಡುತ್ತಾ ಹದ ಹುಡುಕುತ್ತದೆ.

ಹಾಗಿದ್ದರೂ ಎರಡು ತೊಡಕುಗಳಿವೆ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಮೊದಲನೆಯದು, ಕಾರ್ಖಾನೆಯಲ್ಲಿ ಹದಕ್ಕೆ ಈಗಾಗಲೇ ಒಬ್ಬ ಒಡೆಯ ಇದ್ದಾನೆ. ಕುಲುಮೆಯ ಕಾಲದಿಂದ ಉಕ್ಕಿಗೆ ಹದ ಕೊಡುತ್ತಾ ಬಂದಿದ್ದೇವೆ. ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ‘ಈ ಶಾಫ್ಟಿಗೆ ಹದ ನೋಡಿ’ ಎಂದರೆ ಗಡಸುತನ ಪರೀಕ್ಷೆ ಮಾಡುತ್ತಾರೆ. ಪ್ಲಾನಿಂಗ್ ಪರದೆಯ ಮೇಲೆ ಅದೇ ಮಾತು ಬಂದರೆ ಗೊಂದಲವಾಗುತ್ತದೆಯೇ? ಸಂದರ್ಭದಿಂದ ಬಿಡಿಸಿಕೊಳ್ಳುತ್ತಾರೆ ಎಂದು ನನಗನಿಸುತ್ತದೆ.

ಎರಡನೆಯದು ಇನ್ನೂ ಮುಖ್ಯ. ಯಾವುದರ ಹದ? ಖರೀದಿಯವರಿಗೆ ಕಡಿಮೆ ಖರ್ಚೇ ಹದ. ಮಾರಾಟದವರಿಗೆ ಗಿರಾಕಿ ಕೇಳಿದ ದಿನ ಮಾಲು ಸಿದ್ಧವಿರುವುದೇ ಹದ. ಲೈನಿನವರಿಗೆ ಮೇಲಿಂದ ಮೇಲೆ ಮಾಡೆಲ್ ಬದಲಾಯಿಸದೆ ಒಂದೇ ಪಂಪನ್ನು ಓಡಿಸುವುದು ಹದ. ಸಾಫ್ಟ್‌ವೇರ್‌ಗೆ ಇದರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಮೊದಲೇ ಯಾರೋ ಕೂತು ಹೇಳಿರುತ್ತಾರೆ. ಆ ತೀರ್ಮಾನ ಮನುಷ್ಯರದು, ಯಂತ್ರದ್ದಲ್ಲ. ಅದನ್ನು ಓದುವವರಿಗೆ ತಿಳಿಸಲೇಬೇಕು. ಹಾಗಾಗಿ ಕೈಪಿಡಿಯಲ್ಲಿ ಬರೀ ‘ಹದ’ ಎಂದು ಬಿಡದೆ ‘ಖರ್ಚಿನ ಹದ’, ‘ಗಡುವಿನ ಹದ’ ಎಂದು ಬಿಡಿಸಿ ಬರೆಯಬೇಕು ಎಂದು ನನ್ನ ಯೋಚನೆ. ನಿಮಗೆ ಇದು ಸರಿ ಕಾಣುತ್ತದೆಯೇ?

ಈಗ ಅಕ್ಕಪಕ್ಕದ ಪದಗಳು. ಇಲ್ಲಿ ನನಗೆ ಕಂಡದ್ದು, ನಿಘಂಟಿನಲ್ಲಿ ಸರಿಯಿರುವ ಪದ ಕಾರ್ಖಾನೆಯ ಗೇಟು ದಾಟಿದ ಕೂಡಲೇ ಬೇರೆ ಅರ್ಥ ಕೊಡುತ್ತದೆ.

‘ಡಿಮ್ಯಾಂಡ್’ಗೆ ‘ಬೇಡಿಕೆ’ ಎಂದು ಎಲ್ಲರೂ ಕಣ್ಣು ಮುಚ್ಚಿ ಬರೆಯುತ್ತಾರೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಸರಿ. ಆದರೆ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ‘ಬೇಡಿಕೆ ಪಟ್ಟಿ’ ಎಂದು ಅಂಟಿಸಿದರೆ? ಯೂನಿಯನ್ ಸಂಬಳ ಹೆಚ್ಚಿಸಲು ಕೇಳಿದೆ ಎಂದೇ ಎಲ್ಲರೂ ಓದುತ್ತಾರೆ. ನಾನು ‘ಗಿರಾಕಿ ಬೇಡಿಕೆ’ ಎಂದು ಬರೆಯುತ್ತಿದ್ದೇನೆ. ಇದರೊಳಗೇ ಇನ್ನೊಂದು ಭೇದ ಇದೆ. ಗಿರಾಕಿ ಕೇಳುವ ಪಂಪು ಎಷ್ಟು ಎಂಬುದನ್ನು ಊಹಿಸಬೇಕು. ಆದರೆ 100 ಪಂಪಿಗೆ ಎಷ್ಟು ಬೋಲ್ಟು ಎಂಬುದನ್ನು ಊಹಿಸಬೇಕಾಗಿಲ್ಲ, ಒಂದು ಪಂಪಿಗೆ ಎಂಟಾದರೆ 800, ಗುಣಿಸಿದರೆ ಸಾಕು. ಅಮೆರಿಕದ ಜೋಸೆಫ್ ಆರ್ಲಿಕಿ ಈ ವ್ಯತ್ಯಾಸವನ್ನೇ ಹಿಡಿದುಕೊಂಡು 1960ರ ದಶಕದಲ್ಲಿ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಯಾವ ಭಾಗ ಎಷ್ಟು, ಯಾವಾಗ ಬೇಕು ಎಂಬ ಲೆಕ್ಕ) ಎಂಬ ಪದ್ಧತಿ ಕಟ್ಟಿದ. ಇವತ್ತಿನ ಇಆರ್‌ಪಿ (ಕಂಪನಿಯ ಎಲ್ಲ ವಿಭಾಗಗಳ ಲೆಕ್ಕವನ್ನು ಒಂದೆಡೆ ಇಡುವ ಸಾಫ್ಟ್‌ವೇರ್) ಬೆಳೆದದ್ದು ಅದರಿಂದ. ಅಂದಹಾಗೆ ‘ಎಂಆರ್‌ಪಿ’ ಎಂದರೂ ನಮ್ಮವರಿಗೆ ನೆನಪಾಗುವುದು ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ. ಕೈಪಿಡಿಯ ಮೊದಲ ಪುಟದಲ್ಲೇ ಇದನ್ನು ಬಿಡಿಸಿ ಹೇಳಬೇಕು. ಆರ್ಲಿಕಿಯ ಎರಡು ಬಗೆಗಳಿಗೆ ‘ಸ್ವತಂತ್ರ ಬೇಡಿಕೆ, ಅವಲಂಬಿತ ಬೇಡಿಕೆ’ ಬೇಡ. ‘ಊಹಿಸುವ ಬೇಡಿಕೆ, ಲೆಕ್ಕದ ಬೇಡಿಕೆ’ ಎಂದರೆ ಕೆಲಸವೇ ಗೊತ್ತಾಗುತ್ತದೆ.

‘ಸೇಫ್ಟಿ ಸ್ಟಾಕ್’ ಎಂದರೆ ಲಾರಿ ತಡವಾದರೂ, ಆರ್ಡರ್ ಏಕಾಏಕಿ ಏರಿದರೂ ಲೈನ್ ನಿಲ್ಲದಿರಲಿ ಎಂದು ಇಟ್ಟುಕೊಂಡ ಮಾಲು. ಅದಕ್ಕೆ ‘ಸುರಕ್ಷತಾ ದಾಸ್ತಾನು’ ಎಂದರೆ ಶಾಪಿನಲ್ಲಿ ಹೆಲ್ಮೆಟ್ಟು, ಗ್ಲೌಸು, ಬೂಟುಗಳ ದಾಸ್ತಾನು ಎಂದಾಗುತ್ತದೆ. ಗೋಡೆ ಗೋಡೆಗೂ ‘ಸುರಕ್ಷತೆ ಮೊದಲು’ ಎಂಬ ಫಲಕ ಇರುವ ಜಾಗವದು. ‘ಕಾಪು ದಾಸ್ತಾನು’ ನನಗೆ ತುಂಬ ಹಿಡಿಸಿದೆ. ಕಾಪಾಡು, ಕಾಪಿಡು ಎಲ್ಲರಿಗೂ ಗೊತ್ತು. ಚಿಕ್ಕದಾಗಿಯೂ ಇದೆ.

‘ಸಪ್ಲೈ ಪ್ಲಾನ್’ಗೆ ‘ಪೂರೈಕೆ ಯೋಜನೆ’ ಎಂದರೆ ಪತ್ರಿಕೆ ಓದುವವರಿಗೆ ಕಾವೇರಿ ನೀರು ನೆನಪಾಗುತ್ತದೆ. ಸರ್ಕಾರದ ಸ್ಕೀಮು, ಪ್ರಾಜೆಕ್ಟು, ಪ್ಲಾನು ಮೂರಕ್ಕೂ ನಾವು ‘ಯೋಜನೆ’ ಎಂದೇ ಅನ್ನುತ್ತೇವೆ. ‘ಪ್ಲಾನ್’ ಎಂದೇ ಬಿಡುವುದು ವಾಸಿ. ‘ಪ್ಲಾನ್ ಮಾಡು’ ಹಳ್ಳಿಯಲ್ಲೂ ಓಡುವ ಮಾತು. ಹೊರಗಿನ ಪದ ಕೆಲಸದ ಜೊತೆಗೇ ಬಂದು ನೆಲೆಸಿದರೆ ಅದನ್ನು ಎಬ್ಬಿಸುವ ಅಗತ್ಯ ಇಲ್ಲ. ಟೊಯೋಟದ ‘ಕಾನ್‌ಬಾನ್’ (ಯಾವ ಭಾಗ ಎಷ್ಟು ಬೇಕು ಎಂದು ಚೀಟಿಯಿಂದ ತಿಳಿಸುವ ಪದ್ಧತಿ) ಜಪಾನಿಯಲ್ಲಿ ಬರೀ ಫಲಕ ಎಂಬ ಅರ್ಥದ್ದು. ಲೋಕದ ಎಷ್ಟೋ ಕಾರ್ಖಾನೆಗಳು ಅದನ್ನು ಹಾಗೇ ಇಟ್ಟುಕೊಂಡಿವೆ. ‘ಸಪ್ಲೈ ಚೈನ್’ ಮಾತ್ರ ‘ಪೂರೈಕೆ ಸರಪಳಿ’ ಎಂದು ಪತ್ರಿಕೆಗಳಲ್ಲಿ ಚೆನ್ನಾಗಿ ನೆಲೆಯಾಗಿದೆ, ಅದನ್ನು ಬದಲಿಸುವುದು ಬೇಡ.

‘ಫೋರ್‌ಕಾಸ್ಟ್’ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ‘ಮುನ್ಸೂಚನೆ’ ಬೇಡ, ‘ಅಂದಾಜು’ ಇರಲಿ. ಮುನ್ಸೂಚನೆ ಎಂದರೆ ಬಲ್ಲವರು ಮೇಲಿನಿಂದ ಹೇಳಿದಂತೆ ಕೇಳಿಸುತ್ತದೆ. ಅಂದಾಜು ಎಂದರೆ ತಪ್ಪಬಹುದು ಎಂಬುದು ಅದರಲ್ಲೇ ಬಂತು. 2000ರಲ್ಲಿ ನೈಕಿ ಕಂಪನಿ ಹೊಸ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಕೊಂಡ ಮೇಲೆ ಓಡದ ಶೂಗಳು ರಾಶಿ ಬಿದ್ದವು, ಜನ ಕೇಳುವ ಶೂಗಳು ಸಾಕಷ್ಟು ಸಿಗಲಿಲ್ಲ. ಸುಮಾರು 10 ಕೋಟಿ ಡಾಲರ್ ವ್ಯಾಪಾರ ತಪ್ಪಿತೆಂದು 2001ರಲ್ಲಿ ಕಂಪನಿಯೇ ಹೇಳಿತು. ಕಾರಣಗಳು ಹಲವು ಇದ್ದವು. ಆದರೆ ಪರದೆಯ ಮೇಲಿನ ಸಂಖ್ಯೆಯನ್ನು ಅಂದಾಜು ಎಂದು ನೋಡುವ ಅಭ್ಯಾಸ ಮೊದಲ ದಿನದಿಂದಲೇ ಬೇಕು. ಅದಕ್ಕೆ ಪದವೂ ನೆರವಾಗಬೇಕು.

ಇನ್ನು ‘ಬುಲ್‌ವಿಪ್’. ಅಂಗಡಿಯಲ್ಲಿ ಮಾರಾಟ ಸ್ವಲ್ಪ ಏರಿಳಿದರೆ ಹೋಲ್‌ಸೇಲ್‌ನವರ ಆರ್ಡರ್ ಜಾಸ್ತಿ ಏರಿಳಿಯುತ್ತದೆ, ಕಾರ್ಖಾನೆಯದು ಇನ್ನೂ ಜಾಸ್ತಿ, ಕಚ್ಚಾ ಮಾಲು ಕೊಡುವವರದು ಎಲ್ಲಕ್ಕಿಂತ ಜಾಸ್ತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ಇದನ್ನು 1950ರ ದಶಕದ ಕೊನೆಗೇ ತೋರಿಸಿದ್ದ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಮಕ್ಕಳ ಡೈಪರ್ ಆರ್ಡರ್‌ಗಳಲ್ಲಿ ಇದನ್ನೇ ಕಂಡರು. ಕೂಸುಗಳು ಒಂದೇ ಸಮನೆ ಬಳಸುತ್ತವೆ, ಆರ್ಡರ್ ಮಾತ್ರ ಕುಣಿಯುತ್ತದೆ. ಇದಕ್ಕೆ ‘ಚಾಟಿ ಪರಿಣಾಮ’ ಎನ್ನುವುದಕ್ಕಿಂತ ‘ಬಾರುಕೋಲು’ ಚೆನ್ನ ಎನಿಸುತ್ತದೆ. ಹಿಡಿಯ ಕಡೆ ಕೈ ಸ್ವಲ್ಪ ಅಲುಗಿದರೆ ಬಾರಿನ ತುದಿ ಗಾಳಿಯಲ್ಲಿ ಹಾರುತ್ತದೆ. ಎತ್ತಿನ ಗಾಡಿ ಕಂಡವರಿಗೆ ಚಿತ್ರ ಕೂಡಲೇ ಬರುತ್ತದೆ. ‘ಬಾರುಕೋಲು ಏರಿಳಿತ’ ಎಂದು ಬರೆದರೆ ಹೇಗೆ?

‘ಬಿಲ್ ಆಫ್ ಮೆಟೀರಿಯಲ್ಸ್’ಗೆ ‘ಭಾಗಗಳ ಪಟ್ಟಿ’ ಎಂದಿಟ್ಟಿದ್ದೇನೆ. ‘ಬಿಲ್’ ಎಂದರೆ ಹಣ ಕಟ್ಟುವ ಚೀಟಿಯೇ ತಲೆಗೆ ಬರುತ್ತದೆ. ‘ಕನ್‌ಸ್ಟ್ರೇಂಟ್’ಗೆ ‘ನಿರ್ಬಂಧ’ ಬೇಡ, ಯಾರೋ ತಡೆ ಹಾಕಿದಂತಿದೆ. ‘ಮಿತಿ’ ಸಾಕು.

ನನಗೆ ನಿಜಕ್ಕೂ ಸಿಗದ ಪದ ‘ಲೀಡ್ ಟೈಮ್’. ಆರ್ಡರ್ ಕೊಟ್ಟ ದಿನದಿಂದ ಮಾಲು ಕೈಗೆ ಬರುವವರೆಗಿನ ಅವಧಿ. ‘ಮುನ್ನಡೆ ಕಾಲ’ ಎಂಬುದು ಇಂಗ್ಲಿಷ್ ಗೊತ್ತಿದ್ದವರಿಗಷ್ಟೇ ಅರ್ಥವಾಗುವ ಕನ್ನಡ. ‘ಗಡುವು’ ಬೇರೆ, ಅದು ಮುಟ್ಟಬೇಕಾದ ದಿನ. ಶಾಪಿನಲ್ಲಿ ಜನ ‘ಎಷ್ಟು ದಿನ ಹಿಡಿಯುತ್ತೆ?’ ಎಂದು ಕೇಳುತ್ತಾರೆ. ಆ ‘ಹಿಡಿಯುವ’ದಿಂದಲೇ ಒಂದು ಪದ ಹುಟ್ಟಬಹುದೇ? ‘ಹಿಡಿಯುವ ದಿನ’ ಎಂದರೆ ಅರ್ಧ ಮಾತಾಯಿತು. ‘ಕೈಸೇರುವ ಅವಧಿ’ ಎಂದು ತಾತ್ಕಾಲಿಕವಾಗಿ ಬರೆದಿದ್ದೇನೆ.

ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ, ಹುಬ್ಬಳ್ಳಿ, ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು, ಮನೆಯಲ್ಲಿ ಅಂಥವರಿರುವವರು ಈ ಗುಂಪಿನಲ್ಲಿ ಇದ್ದೀರಿ ಎಂದು ಗೊತ್ತು. ಆರ್ಡರ್ ಕೊಟ್ಟ ಮೇಲೆ ಕಾಯುವ ಆ ದಿನಗಳಿಗೆ ನಿಮ್ಮ ಕಡೆ ಏನಾದರೂ ಮಾತಿದೆಯೇ? ಉತ್ತರ ಕರ್ನಾಟಕದ ಕಡೆಯದಾದರೂ, ಕರಾವಳಿಯದಾದರೂ ಸರಿ, ಪದ ಬಳಸಿದ ಒಂದು ವಾಕ್ಯದ ಸಮೇತ ತಿಳಿಸಿ. ಜೊತೆಗೆ, ಹೀಟ್ ಟ್ರೀಟ್‌ಮೆಂಟ್ ಕೆಲಸ ಬಲ್ಲವರು ‘ಹದ’ದ ಬಗ್ಗೆ ಏನೆನ್ನುತ್ತೀರಿ ಎಂಬುದಕ್ಕೆ ಮುಖ್ಯವಾಗಿ ಕಾಯುತ್ತಿದ್ದೇನೆ. ನೀವು ಒಪ್ಪಿದರೆ ಬಟನ್ ಮೇಲೆ ‘ಹದ ನೋಡು’ ಎಂದೇ ಹಾಕಿಸುತ್ತೇನೆ.